ಅಕ್ಕನ ಊರಿಗೆ ಹೋಗುವ ಪೈಪು

ಮೇಲೆ ಗೆರೆ ಎಳೆಯುವ ಸಾಹೇಬರಿಗೆ ನೆಲದ ಒಳಗೆ ಏನಿದೆ ಅಂತ ಗೊತ್ತಿರಲ್ಲ. ನನಗೆ ಗೊತ್ತಿತ್ತು. ಅದೇ ನನ್ನ ಗ್ರಹಚಾರ.

ನಾನು ಗ್ರಾಮ ಪಂಚಾಯ್ತಿಯ ನೀರುಗಂಟಿಯಾಗಿದ್ದೆ. ಬೋರ್‌ವೆಲ್ ಮೋಟರು ಹಾಕಿ ಟ್ಯಾಂಕು ತುಂಬಿಸೋದು, ಬೀದಿಬೀದಿಯ ವಾಲ್ವು ತಿರುಗಿಸಿ ನೀರು ಬಿಡೋದು ನನ್ನ ಕೆಲಸ. ಹೊಸೂರು ರಸ್ತೆಯಿಂದ ಒಳಕ್ಕೆ, ಚಂದಾಪುರಕ್ಕೂ ಮೊದಲೇ ಸಿಗುವ ನಾಕೈದು ಊರು ಸೇರಿ ನಮ್ಮ ಪಂಚಾಯ್ತಿ. ನಮ್ಮೂರಿಗೂ ಪಕ್ಕದೂರಿಗೂ ನಡುವೆ ಒಂದು ಕಾಲುವೆ, ಅದರ ಮೇಲೊಂದು ಮೋರಿ, ಅಷ್ಟೇ. ಟ್ಯಾಂಕು ನಮ್ಮೂರಲ್ಲಿತ್ತು, ಆ ಊರಿಗೂ ನೀರು ಇಲ್ಲಿಂದಲೇ ಹೋಗುತ್ತಿತ್ತು. ನಮ್ಮಕ್ಕನನ್ನು ಕೊಟ್ಟಿದ್ದು ಆ ಊರಿಗೆ. ಭಾವ ತೀರಿಕೊಂಡ ಮೇಲೆ ಅವಳು ಹಿತ್ತಲಲ್ಲಿ ಶೀಟಿನ ರೂಮು ಹಾಕಿಸಿ, ಫ್ಯಾಕ್ಟರಿ ಕೆಲಸಕ್ಕೆ ಬಂದ ರಾಯಚೂರು ಕಡೆಯವರಿಗೆ ಬಾಡಿಗೆಗೆ ಕೊಟ್ಟಿದ್ದಳು. ಬೆಳಿಗ್ಗೆ ನಾನು ಟ್ಯಾಂಕಿನ ವಾಲ್ವು ತಿರುಗಿಸಿದ ಸ್ವಲ್ಪ ಹೊತ್ತಿಗೆ ಮೋರಿಯ ಆಚೆಯಿಂದ ಅವಳ ಕೂಗು ಕೇಳಿಸುತ್ತಿತ್ತು: “ನಮ್ಮ ತವರಿನ ನೀರು ಬಂತು, ಬಿಂದಿಗೆ ಹಿಡೀರಮ್ಮೋ!” ಆ ಕೂಗು ಕೇಳಿದ ಮೇಲೇ ನಾನು ಕಾಫಿ ಕುಡಿಯುತ್ತಿದ್ದದ್ದು.

ಪೈಪು ಎಲ್ಲೆಲ್ಲಿ ಹೋಗಿದೆ ಅನ್ನೋದಕ್ಕೆ ನಕ್ಷೆ ಗಿಕ್ಷೆ ಏನೂ ಇರಲಿಲ್ಲ. ಒಬ್ಬೊಬ್ಬ ಕಂಟ್ರ್ಯಾಕ್ಟರು ಒಂದೊಂದು ಕಾಲದಲ್ಲಿ ಹೂತು ಹೋದದ್ದು. ಎಲ್ಲ ನನ್ನ ತಲೆಯಲ್ಲಿತ್ತು. ಅನುಮಾನ ಬಂದರೆ ಕಬ್ಬಿಣದ ಸರಳನ್ನು ನೆಲಕ್ಕೂರಿ ಮೇಲಿನ ತುದಿಗೆ ಕಿವಿ ಕೊಡುತ್ತಿದ್ದೆ. ಒಳಗೆ ನೀರು ಹರಿಯುವ ಸದ್ದು ಗುಂಯ್ ಅಂತ ಕಿವಿಗೆ ಬರುತ್ತಿತ್ತು. ಜನ ಬಾಯಿ ಬಿಟ್ಟುಕೊಂಡು ನೋಡೋರು. ನನಗೂ ಒಂಚೂರು ಜಂಬ ಇತ್ತು, ಸುಳ್ಳು ಯಾಕೆ ಹೇಳಲಿ?

ಹೀಗಿರುವಾಗ ನಮ್ಮೂರು ಸಿಟಿಗೆ ಸೇರಿತು. ನಮ್ಮೂರು ಮಾತ್ರ. ಕಾಲುವೆಯ ಆಚೆಯ ಅಕ್ಕನ ಊರು ಪಂಚಾಯ್ತಿಯಲ್ಲೇ ಉಳಿಯಿತು. ನಮ್ಮದು ವಾರ್ಡು, ಅವರದು ಗ್ರಾಮ. ನಮಗೆ ಕಾರ್ಪೊರೇಟರು, ಅವರಿಗೆ ಪಂಚಾಯ್ತಿ ಅಧ್ಯಕ್ಷರು. ನಮ್ಮೂರವರು ಪಟಾಕಿ ಹೊಡೆದರು. “ಸಿಟಿಯೋನಾಗ್ಬಿಟ್ಟೆ ಕಣಪ್ಪ, ಇನ್ಮೇಲೆ ನಮ್ಮನ್ನ ಮಾತಾಡಿಸ್ತೀಯೋ ಇಲ್ವೋ,” ಅಂತ ಅಕ್ಕ ಕಿಚಾಯಿಸಿದಳು. ಮಾರನೇ ಬೆಳಿಗ್ಗೆ ಎದ್ದು ನಾನು ಎಂದಿನ ಹಾಗೇ ಎರಡೂ ಊರಿಗೆ ನೀರು ಬಿಟ್ಟೆ.

ಕೆಲವು ತಿಂಗಳಾದ ಮೇಲೆ ಸಿಟಿಯಿಂದ ಒಬ್ಬ ಇಂಜಿನಿಯರು ಬಂದರು. “ನಿಮ್ಮನ್ನ ಬಿಟ್ರೆ ಇಲ್ಲಿ ಯಾರಿಗೂ ಏನೂ ಗೊತ್ತಿಲ್ವಂತೆ ಯಜಮಾನ್ರೇ. ಎಲ್ಲ ಲೈನೂ ನೀವೇ ತೋರಿಸ್ಬೇಕು,” ಅಂದರು. ಯಜಮಾನ್ರೇ! ಅಷ್ಟು ವರ್ಷ ‘ಏಯ್ ನೀರಿನವ್ನೇ’ ಅನ್ನಿಸಿಕೊಂಡವನು ನಾನು. ಉಬ್ಬಿಹೋದೆ. ಎರಡು ದಿನ ಸರಳು ಹಿಡಿದು ಅವರ ಮುಂದೆ ಮುಂದೆ ನಡೆದೆ. ನಾನು ಕಿವಿಯಿಟ್ಟ ಕಡೆಯೆಲ್ಲ ಅವರ ಆಳು ಕೆಂಪು ಬಣ್ಣ ಬಳಿದ. ಮೋರಿಯ ಹತ್ತಿರ ಹುಣಸೆಮರದ ಬುಡದಲ್ಲಿ, ಯಾವಾಗಲೂ ತೆರೆದೇ ಇರುತ್ತಿದ್ದ, ಮಣ್ಣು ಮುಚ್ಚಿಕೊಂಡಿದ್ದ ಒಂದು ಹಳೇ ವಾಲ್ವಿತ್ತು. ನಾನು ತೋರಿಸದಿದ್ದರೆ ಅದು ಯಾರಪ್ಪನಿಗೂ ಸಿಗುತ್ತಿರಲಿಲ್ಲ. “ಇದು ನಮ್ಮಕ್ಕನ ಊರಿಗೆ ಹೋಗೋ ಲೈನು ಸಾರ್,” ಅಂದೆ. ಅವರು ಕೇಳಿರಲೇ ಇಲ್ಲ, ನಾನೇ ಅಂದೆ. ಥೂ, ನನ್ನ ಬಾಯಿಗಿಷ್ಟು! ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು.

ಹತ್ತು ದಿನಕ್ಕೆ ಅಲ್ಲೇ ಅಗೆದು, ಪೈಪು ಕತ್ತರಿಸಿ, ಬಾಯಿ ಮುಚ್ಚಿ, ಮೇಲೆ ಕಾಂಕ್ರೀಟು ಸುರಿದರು. “ಗಡಿಯಾಚೆ ನೀರು ಕೊಡೋಕೆ ನಮಗೆ ಅಧಿಕಾರ ಇಲ್ಲ,” ಅಂದರು ಇಂಜಿನಿಯರು. ಬೇಡಿಕೊಂಡೆ, ಕಾಲು ಹಿಡಿಯೋದೊಂದು ಬಾಕಿ. ಪಂಚಾಯ್ತಿ ಆಫೀಸಿಗೆ ಓಡಿದೆ. “ನೀನೀಗ ಸಿಟಿಯವನು, ನಮ್ಮೂರ ಉಸಾಬರಿ ನಿನಗ್ಯಾಕೆ?” ಅಂದುಬಿಟ್ಟರು. ಮೈಯೆಲ್ಲ ಉರಿಯಿತು. ಯಾರ ಮೇಲೆ ಸಿಟ್ಟು ಮಾಡಲಿ? ತೋರಿಸಿದವನು ನಾನೇ.

ಆ ಊರಲ್ಲಿ ಕೊರೆಸಿದ ಬೋರ್‌ವೆಲ್‌ನಲ್ಲಿ ಧೂಳು ಬಂತು. ಆಮೇಲೆ ಟ್ಯಾಂಕರೇ ಗತಿ. ಅಕ್ಕನ ರೂಮುಗಳ ಹೆಂಗಸರು ಶಿಫ್ಟಿಗೆ ಹೋಗುವ ಮೊದಲು ಬಿಂದಿಗೆ ಸಾಲಿಗಿಟ್ಟು ಕಾಯುತ್ತಿದ್ದರು. ಟ್ಯಾಂಕರು ತಡವಾದರೆ ಹಾಗೇ ಕೆಲಸಕ್ಕೆ ಓಡುತ್ತಿದ್ದರು. ಗೌರಿ ಹಬ್ಬಕ್ಕೆ ತವರಿನ ಸೀರೆ ತಗೊಂಡು ಹೋದೆ. ಅಕ್ಕ ಸೀರೆ ಕಣ್ಣಿಗೊತ್ತಿಕೊಂಡಳು, ನನ್ನ ಮುಖ ಮಾತ್ರ ನೋಡಲಿಲ್ಲ. ಮನೆಗೆ ಬಂದವರಿಗೆ ಮೊದಲು ನೀರು ಕೊಡೋದು ನಮ್ಮಲ್ಲಿ ರೂಢಿ. ಅವಳು ಚೆಂಬು ತಂದಿಟ್ಟಳು. ಅದರಲ್ಲಿ ಅರ್ಧ ನೀರಿತ್ತು. ಕುಡಿಯದೆ ಚೆಂಬನ್ನು ಅವಳ ಕಡೆಗೇ ಸರಿಸಿದೆ.

“ದಿನಾ ಗಾಡಿ ಮೇಲೆ ಎರಡು ಕೊಡ ತಂದ್ಕೊಡ್ತೀನಿ ಅಕ್ಕ,” ಅಂದೆ.

“ನಂಗೊಬ್ಳಿಗೆ ತಂದ್ಕೊಟ್ರೆ, ಆ ಎಣ್ಮಕ್ಕಳ ಮುಂದೆ ಎಂಗೋ ಕುಡೀಲಿ?” ಅಂದಳು.

ಐದಾರು ವರ್ಷ ಹೀಗೇ ಹೋಯಿತು. ಆಮೇಲೆ ಅಕ್ಕನ ಊರು ಪುರಸಭೆಗೆ ಸೇರಿತು. ಎರಡೂ ಕಡೆಯ ಆಫೀಸಿನವರು ಮಾತಾಡಿ, ಹಳೇ ಪೈಪು ಸಿಕ್ಕರೆ ಜೋಡಿಸಿಕೊಳ್ಳಿ ಅಂತ ಒಪ್ಪಿದರಂತೆ. ಹುಡುಕಿಕೊಂಡು ನನ್ನ ಹತ್ತಿರವೇ ಬಂದರು. ಆ ದಿನ ನಾನು ತಿಂಡಿ ಕೂಡ ತಿನ್ನದೆ ಸರಳು ಹಿಡಿದು ಓಡಿದೆ, ನೋಡಿ.

ಹೋದರೆ ಹುಣಸೆಮರವೇ ಇಲ್ಲ. ರಸ್ತೆ ಅಗಲವಾಗಿತ್ತು, ಮೋರಿ ಇದ್ದ ಕಡೆ ದೊಡ್ಡ ಕಾಂಕ್ರೀಟು ಸೇತುವೆ. ಒಂದು ಕಡೆ ಸರಳು ಊರಿ ಕಿವಿಯಿಟ್ಟೆ. ಇನ್ನೊಂದು ಕಡೆ ಇಟ್ಟೆ. ಹತ್ತು ಕಡೆ ಇಟ್ಟೆ. ನೀರು ಹರಿದರೆ ತಾನೆ ಸದ್ದು ಬರೋದು? ಅಯ್ಯೋ ಶಿವನೇ, ನನಗೆ ಅದು ಹೊಳೆದೇ ಇರಲಿಲ್ಲ. ನನ್ನ ಅಂದಾಜಿನ ಮೇಲೆ ಮೂರು ಕಡೆ ಅಗೆದರು. ಬರೀ ಕಲ್ಲು ಬಂತು. ಕೊನೆಗೆ ಅಗೆಯುವವರು ಗುದ್ದಲಿ ಕೆಳಗಿಟ್ಟು ಬೀಡಿ ಹಚ್ಚಿದರು.

ಆಚೆ ಬದಿಯಲ್ಲಿ ಹೆಂಗಸರು ಬಿಂದಿಗೆ ಹಿಡಿದು ನಿಂತಿದ್ದರು. ಅವರ ನಡುವಿನಿಂದ ಅಕ್ಕ ನನ್ನ ಹತ್ತಿರಕ್ಕೆ ಬಂದಳು.

“ಕತ್ತರ್ಸೋಕೆ ಬಂದೋರ್ಗೆ ಒಂದೇ ಏಟ್ಗೆ ತೋರ್ಸ್ದ್ಯಲ್ಲೋ,” ಅಂದಳು. “ಕೂಡ್ಸೋಕೆ ಬಂದವ್ರೆ, ಈಗ ಸಿಗ್ತಿಲ್ವಾ ನಿಂಗೆ?”

ನಾನು ಸರಳನ್ನು ಇನ್ನೊಂದು ಕಡೆ ಊರಿ, ಬಗ್ಗಿ ಕಿವಿಯಿಟ್ಟೆ.