ಮಾವನವರು ಕಂಡ ಕಡಲಸೌತೆ

ಮದುವೆಯಾದ ಹೊಸತರಲ್ಲಿ, ಮಂಚೇನಹಳ್ಳಿ ಹತ್ತಿರದ ನಮ್ಮ ಮಾವನವರ ಊರಿನಲ್ಲಿ ನಾನು ಎಲ್ಲರಿಗೂ 'ಸೌತೆಕಾಯಿ ಡಾಕ್ಟ್ರು'. ಇದು ಮಾವನವರು ಮಾಡಿದ ಪ್ರಚಾರ. ಕಾರವಾರದ ಕಡೆ ಕಡಲಸೌತೆಗಳ ಮೇಲೆ ಸಂಶೋಧನೆ ಮಾಡುತ್ತಿದ್ದೇನೆ ಎಂದು ನಾನು ಹೇಳಿದಾಗ ಅವರ ಕಿವಿಗೆ ಬಿದ್ದದ್ದು ಸೌತೆ ಮಾತ್ರ. ರಜೆಗೆ ಬಂದರೆ ಸಾಕು, ಬೆಳಗಾಗುವಷ್ಟರಲ್ಲಿ ಯಾರಾದರೊಬ್ಬರು ರೋಗ ಹತ್ತಿದ ಸೌತೆ ಎಲೆ ಹಿಡಿದು ಜಗಲಿಯ ಮೇಲೆ ಕೂತಿರುತ್ತಿದ್ದರು.

ಕೊನೆಗೊಂದು ದಿನ, "ಮಾವ, ಅದು ತರಕಾರಿ ಅಲ್ಲ. ಸಮುದ್ರದ ತಳದಲ್ಲಿ ತೆವಳೋ ಪ್ರಾಣಿ" ಎಂದೆ.

"ಮತ್ತೆ ಅದನ್ನ ಇಟ್ಕೊಂಡು ಏನ್ ಮಾಡ್ತೀಯಮ್ಮ?"

ಅದು ತಳದ ಮಣ್ಣು ತಿಂದು ಬದುಕುವುದರಿಂದ ನೀರಿಗೆ ಸೇರಿದ ಸೀಸ, ಪಾದರಸ ಅದರ ಮೈಯಲ್ಲಿ ನಿಲ್ಲುತ್ತವೆ ಎಂದು ವಿವರಿಸಿದೆ. ಅದರ ನೆಂಟ ಕಡಲಮುಳ್ಳುಚೆಂಡಿನ ಮರಿಗಳಂತೂ ನೀರು ಕೊಂಚ ಕೆಟ್ಟರೂ ಸೊಟ್ಟಗೆ ಬೆಳೆಯುತ್ತವೆ. ಇವೆರಡನ್ನೂ ನೋಡಿ ಕಡಲು ಎಷ್ಟು ಕೆಟ್ಟಿದೆ ಎಂದು ಹೇಳಬಹುದು ಎಂದೂ ಹೇಳಿದೆ. ಮಾವನವರು ಪೂರ್ತಿ ಕೇಳಿಸಿಕೊಂಡು ಅಡುಗೆಮನೆ ಕಡೆ ತಿರುಗಿದರು.

"ಲೇ, ನಿನ್ ಸೊಸೆಗೆ ದುಡ್ಡು ಕೊಡ್ತಿರೋದು ಮಣ್ಣು ತಿನ್ನೋ ಹುಳ ನೋಡ್ಕೊಳಕ್ಕಂತೆ!"

"ನಾನೂ ಇಷ್ಟು ವರ್ಷದಿಂದ ಒಬ್ರನ್ನ ನೋಡ್ಕೊಂಡಿದ್ದೀನಲ್ಲ, ನಂಗ್ಯಾರು ಕೊಟ್ರು?" ಎಂದರು ಅತ್ತೆ ಒಳಗಿನಿಂದಲೇ.

ರಜೆ ಮುಗಿಸಿ ನಾನು ಹೊರಟಾಗ ಮಾವನವರೂ ಚೀಲ ಹಿಡಿದು ನಿಂತಿದ್ದರು. "ಕಣ್ಣಾರೆ ನೋಡ್ಬಿಡಣ ನಡಿಯಮ್ಮ."

ಅವರು ಕಡಲು ನೋಡಿದ್ದು ಅದೇ ಮೊದಲು. ಪಂಚೆ ಎತ್ತಿ ಹಿಡಿದು ಬಹಳ ಹೊತ್ತು ನಿಂತವರು, "ಇಷ್ಟು ನೀರಿಟ್ಕೊಂಡು ಒಂದು ಗುಂಟೆಗೂ ಹಾಯ್ಸಕ್ಕಾಗಲ್ವಲ್ಲ" ಎಂದು ನಿಟ್ಟುಸಿರಿಟ್ಟರು. ಇಳಿತದ ಹೊತ್ತಿನಲ್ಲಿ ಬಂಡೆಗಳ ನಡುವಿನ ಗುಂಡಿಯಲ್ಲಿ ಕಪ್ಪು ಮುಳ್ಳುಚೆಂಡು ಕಂಡಿತು. ಮುಟ್ಟಬೇಡಿ ಎನ್ನುವಷ್ಟರಲ್ಲಿ ಅವರ ಬೆರಳಿಗೆ ಮುಳ್ಳು ನಾಟಿತ್ತು. ಮುಳ್ಳು ತೆಗೆದು, ಬೆರಳನ್ನು ಬಿಸಿನೀರಿನಲ್ಲಿ ಇಡಿಸಿ ಕೂರಿಸಿದೆ. "ನೆಂಟ ಚೆನ್ನಾಗಿ ಮಾತಾಡ್ಸಿದ ಕಣಮ್ಮ" ಎಂದರು.

ಪ್ರಯೋಗಾಲಯದ ತೊಟ್ಟಿಯಲ್ಲಿ ಕಡಲಸೌತೆ ಬಿದ್ದುಕೊಂಡಿತ್ತು. ಅದು ಏನಾದರೂ ಮಾಡೀತೆಂದು ಕಾದರು. ಅದು ಏನೂ ಮಾಡಲಿಲ್ಲ.

"ಇದು ಎದ್ದಿದೆಯಾ?"

"ಎದ್ದಿದೆ ಮಾವ."

"ಹಂಗಾದ್ರೆ ನನ್ ಮಗನ ಥರಾನೇ."

ಊರಿನವರಿಗೆ ತೋರಿಸಲು ಒಂದನ್ನು ಒಯ್ಯುವ ಆಸೆ ಅವರಿಗಾಯಿತು. ಅಪ್ಪಣೆಯಿಲ್ಲದೆ ಇದನ್ನು ಹಿಡಿಯುವುದೂ ಹುಲಿ ಹಿಡಿಯುವುದೂ ಕಾನೂನಿಗೆ ಒಂದೇ ಎಂದಾಗ ಕೈ ಹಿಂದೆ ಕಟ್ಟಿಕೊಂಡರು.

ಆಮೇಲೆ ಸೂಕ್ಷ್ಮದರ್ಶಕದಲ್ಲಿ ಮುಳ್ಳುಚೆಂಡಿನ ಮರಿಗಳನ್ನು ತೋರಿಸಿದೆ. ಶುದ್ಧ ನೀರಿನಲ್ಲಿ ಬೆಳೆದವು ನೀಳ ಕೈಚಾಚಿ ಈಜುತ್ತಿದ್ದವು. ಇನ್ನೊಂದು ಗಾಜಿನಲ್ಲಿದ್ದವು ಕೈಗಳೇ ಮೂಡದೆ ಮುದ್ದೆಯಾಗಿದ್ದವು. ಮಾವನವರ ತಮಾಷೆ ನಿಂತುಹೋಯಿತು.

"ಇದು ಎಲ್ಲೀ ನೀರು?"

"ದೋಣಿ ನಿಲ್ಲೋ ಕಡೇದು."

"ಪಾಪ, ನೋಡಿ" ಎಂದರು. ಇಷ್ಟು ದಿನ 'ನಡಿಯಮ್ಮ' ಎನ್ನುತ್ತಿದ್ದವರು ನನಗೆ ಬಹುವಚನ ಹಚ್ಚಿದ್ದರು. ಅದು ಅವರಿಗೆ ಗೊತ್ತಾಗಿರಲಿಲ್ಲ.

ಸ್ವಲ್ಪ ಹೊತ್ತಿಗೆ, "ನಮ್ ಬೋರ್ ನೀರಿಗೂ ನಾಲ್ಕು ಬಿಟ್ಟು ನೋಡಮ್ಮ" ಎಂದರು. ಎಷ್ಟೇ ಒಳ್ಳೆಯದಿದ್ದರೂ ಸಿಹಿನೀರಿನಲ್ಲಿ ಇವು ಬದುಕುವುದಿಲ್ಲ ಎಂದೆ.

"ಅಂದ್ರೆ ಚಿಕ್ಕಬಳ್ಳಾಪುರ ಜಿಲ್ಲೆಗೆ ಇವು ಉಪಯೋಗ ಇಲ್ಲ ಅನ್ನು!"

ನಿರಾಸೆಯೇನೋ ಆಯಿತು. ಆದರೂ ಊರಿಗೆ ಹೋದ ಮೇಲೆ ಬೋರ್ ನೀರನ್ನು ಪರೀಕ್ಷೆಗೆ ಕೊಡಲು ಬಾಟಲಿ ತೊಳೆದಿಟ್ಟದ್ದು ಅವರೇ.

ಅದಕ್ಕೂ ಮೊದಲು, ಅವರನ್ನು ಊರಿಗೆ ಬಿಡಲು ಬರುವಾಗ, ಗೌರಿಬಿದನೂರಿನ ಬಸ್ ನಿಲ್ದಾಣದೆದುರು ಇಡ್ಲಿ-ವಡೆ ತಿನ್ನಲು ಕೂತೆವು. ಮಾವನವರು ಎದುರಿಗಿದ್ದ ಅಪರಿಚಿತನೊಬ್ಬನ ಹತ್ತಿರ ಕಡಲಸೌತೆಯ ವಿಷಯ ತೆಗೆದರು. ಹೆದರಿದರೆ ಅದು ತನ್ನ ಕರುಳನ್ನೇ ಹೊರಗೆ ಕಕ್ಕಿಬಿಡುತ್ತದೆ ಎಂದು ಕೈಯಾಡಿಸಿ ತೋರಿಸಿದರು. ಆ ಮನುಷ್ಯ ತಟ್ಟೆ ಎತ್ತಿಕೊಂಡು ಬೇರೆ ಟೇಬಲ್ಲಿಗೆ ಹೋದ.

"ಓದಿರೋರ ವಿಷಯ ಅಲ್ವಾ, ಎಲ್ರಿಗೂ ಅರ್ಥ ಆಗಲ್ಲ ಕಣಮ್ಮ" ಎಂದು ಮಾವನವರು ಇನ್ನೊಂದು ವಡೆ ಹೇಳಿದರು.