ಇಲಿಗಳಿಗೆ ವಾಸಿಯಾಗಿತ್ತು

ಹುಟ್ಟಿದ್ದು ಮಳವಳ್ಳಿಯಾದರೂ ನಾನು ದುಡಿದದ್ದೆಲ್ಲ ಪುಣೆಯಲ್ಲಿ, ಸ್ಕಿಜೋಫ್ರೇನಿಯಾಕ್ಕೆ ಔಷಧಿ ಹುಡುಕುವ ಲ್ಯಾಬಿನಲ್ಲಿ. ನಮ್ಮ ಪರೀಕ್ಷೆ ಇಲಿಗಳ ಮೇಲೆ. ಜೋರು ಸದ್ದಿಗೆ ಇಲಿ ಬೆಚ್ಚುತ್ತದೆ. ಅದಕ್ಕೆ ಮುಂಚೆ ಮೆಲ್ಲಗೆ ಒಂದು ಸದ್ದು ಮಾಡಿದರೆ ಕಡಿಮೆ ಬೆಚ್ಚುತ್ತದೆ. ಈ ಕಾಯಿಲೆಯಲ್ಲಿ ಆ ಮುನ್ಸೂಚನೆ ಅಷ್ಟಾಗಿ ನಾಟುವುದಿಲ್ಲ. ನಮ್ಮ ಔಷಧಿ ಇಲಿಗಳಲ್ಲಿ ಅದನ್ನು ಸರಿಮಾಡಿತ್ತು. ಮನುಷ್ಯರವರೆಗೆ ಬರಲೇ ಇಲ್ಲ.

ಮೊನ್ನೆ ಊರಿಗೆ ಬರುವಾಗ ಯಲಿಯೂರಿನಲ್ಲಿ ಒಬ್ಬ ಹೆಂಗಸು ತಮ್ಮನೊಂದಿಗೆ ರೈಲು ಹತ್ತಿದಳು. ಅವನಿಗೂ ಅದೇ ಕಾಯಿಲೆ, ಮಂಡ್ಯದ ಆಸ್ಪತ್ರೆಗೆ ಹೊರಟಿದ್ದರು.

“ಮೊದ್ಲು ಪಾತ್ರೆ ಸದ್ದಾದ್ರೂ ಬೆಚ್ಚಿಬೀಳೋನು ಕಣಮ್ಮ. ಮುಂಚೆ ಕೆಮ್ಮಿ ಪಾತ್ರೆ ಇಟ್ರೂ ಅಷ್ಟೇಯ. ಈ ಮಾತ್ರೆ ಸುರು ಆದ್ಮೇಲೆ, ಕೆಮ್ಮಿ ಇಟ್ರೆ ಬೆಚ್ಚಾಕಿಲ್ಲ.”

ನಮ್ಮ ಪರೀಕ್ಷೆಯನ್ನು ಇವಳು ಅಡುಗೆಮನೆಯಲ್ಲೇ ಮಾಡಿ ಮುಗಿಸಿದ್ದಳು. ಮಾತ್ರೆಯ ಹಾಳೆ ಇಸಿದುಕೊಂಡು ಹೆಸರು ಓದಿದೆ. ನಮ್ಮ ಎದುರಾಳಿ ಲ್ಯಾಬಿನದು. ಹೊಟ್ಟೆ ಉರಿಯಿತು.

“ನಾನೂ ಇಂಥದ್ದೊಂದು ಮಾಡಿದ್ದೆ. ಇಲಿಗಳಿಗೆ ವಾಸಿಯಾಗಿತ್ತು” ಎಂದೆ.

“ಇಲಿಗಳು ಪುಣ್ಯ ಮಾಡಿದ್ವು ಬುಡಿ.”

ಬಿಸಿಲು ಬೀಳುತ್ತಿತ್ತು. ಅವಳು ಒಮ್ಮೆ ಕೆಮ್ಮಿ, ಕಿಟಕಿಯ ಶಟರ್ ಹಿಡಿದಳು. ಸುಳ್ಳೇಕೆ ಹೇಳಲಿ, ಅವನು ಬೆಚ್ಚಲಿ ಎಂದು ಒಂದು ಕ್ಷಣ ಬಯಸಿದೆ. ಶಟರ್ ದಢಾರನೆ ಬಿತ್ತು. ಅವಳ ತಮ್ಮ ಕಡಲೆಕಾಯಿ ಸುಲಿಯುತ್ತಲೇ ಇದ್ದ. ಬೆಚ್ಚಿದವಳು ನಾನೊಬ್ಬಳೇ.