ನನ್ನ ಕೋವಿಗೆ ಅಕ್ಕನ ತಕರಾರು

ನಮ್ಮ ಕೋವಿಯ ನಳಿಗೆಯ ಅಡಿಯಲ್ಲಿ, ಮರದ ಹಿಡಿ ಶುರುವಾಗುವ ಕಡೆ, ಐದು ಅಂಕಿಗಳನ್ನು ಕೊರೆದಿದ್ದಾರೆ. ನಡುವಿನದು ಮೂರೋ ಎಂಟೋ ಎಂದು ಬರಿಗಣ್ಣಿಗೆ ತಿಳಿಯುವುದಿಲ್ಲ. ಭೂತಗನ್ನಡಿ ಹಿಡಿದು ನೋಡಿದರೆ ಎಂಟು. ಅಪ್ಪನಿಗೆ ಭೂತಗನ್ನಡಿ ಬೇಕಿಲ್ಲ. ನನ್ನ ಫೋನ್ ನಂಬರ್ ಕೇಳಿದರೆ ಚೀಟಿ ಹುಡುಕುವ ಅವರು, ಈ ಐದು ಅಂಕಿಗಳನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಾರೆ.

ಅದು ಅಜ್ಜನ ಕಾಲದ ಒಂಟಿ ನಳಿಗೆಯ ಕೋವಿ. ನಮ್ಮ ಕಡೆ ಮಾತಿನಲ್ಲಿ ಅದನ್ನು ಬೆಡಿ ಎನ್ನುತ್ತೇವೆ. ಅಜ್ಜನ ನಂತರ ಲೈಸೆನ್ಸ್ ಅಪ್ಪನ ಹೆಸರಿಗೆ ಬಂತು. ಅಪ್ಪ ಕನ್ನಡ ಶಾಲೆಯಲ್ಲಿ ಮಾಷ್ಟ್ರಾಗಿದ್ದು ನಿವೃತ್ತರಾದವರು. ಗಡಿನಾಡಿನ ನೆಕ್ರಾಜೆಯ ಹತ್ತಿರ ನಮಗಿರುವ ಸ್ವಲ್ಪ ಜಾಗದಲ್ಲಿ ಮರಗೆಣಸು, ನೇಂದ್ರ ಬಾಳೆ, ಒಂದಿಷ್ಟು ತರಕಾರಿ ಬೆಳೆಯುತ್ತಾರೆ. ಈ ಪಟ್ಟಿಯಲ್ಲಿ ಕಾಡುಹಂದಿಗೆ ಬೇಡವಾದದ್ದು ಯಾವುದೂ ಇಲ್ಲ. ಹಂದಿಗಳ ಹಾವಳಿ ಜೋರಾದಾಗ ಲೈಸೆನ್ಸ್ ಇರುವವರಿಗೆ ಅವುಗಳನ್ನು ಹೊಡೆಯಲು ಪಂಚಾಯತಿನವರು ಅನುಮತಿ ಕೊಡುತ್ತಾರೆ. ಅನುಮತಿ ಪಡೆದವರ ಪಟ್ಟಿಯಲ್ಲಿ ಅಪ್ಪನ ಹೆಸರಿತ್ತು. ಯಾರದೋ ಗೆಣಸು ಹೋಯಿತು ಎಂದು ಫೋನ್ ಬಂದರೆ ಅವರು ಶರ್ಟು ಬದಲಿಸಿ ಹೊರಡುತ್ತಿದ್ದರು. ಇಷ್ಟು ವರ್ಷಗಳಲ್ಲಿ ಅವರು ಹೊಡೆದ ಹಂದಿಗಳು ಎರಡು. ಉಳಿದ ತೋಟೆಗಳೆಲ್ಲ ಹೆದರಿಸುವುದಕ್ಕೆಂದು ಆಕಾಶಕ್ಕೆ ಹೋಗಿವೆ. ಆದರೂ ಜನ ಅವರನ್ನೇ ಕರೆಯುತ್ತಿದ್ದರು.

ಅಪ್ಪನಿಗೆ ಎಪ್ಪತ್ತು ದಾಟಿತು. ಬಲಗೈಯಲ್ಲಿ ಸಣ್ಣ ನಡುಕ ಶುರುವಾಯಿತು. ಚಹಾದ ಲೋಟವನ್ನು ಎರಡೂ ಕೈಗಳಲ್ಲಿ ಹಿಡಿಯತೊಡಗಿದ ಮೇಲೆ ಒಂದು ದಿನ ನನ್ನನ್ನು ಕರೆದು ಕೂರಿಸಿದರು.

"ವಯಸ್ಸಾದವರು ವಾರಸುದಾರರ ಹೆಸರಿಗೆ ಮಾಡಿಸಬಹುದಂತೆ. ನನಗಿರುವ ವಾರಸುದಾರರು ನೀನೊಬ್ಬಳೇ. ಇಲ್ಲದಿದ್ದರೆ ವಾಪಸು ಕೊಡುವುದು. ಎಂತ ಹೇಳ್ತೀ?"

ಅವರು ಕೇಳಿದ್ದು ಒಂದೇ ಸಲ. ಎರಡನೆಯ ಸಲ ಕೇಳುವುದಿಲ್ಲ ಎಂದು ನನಗೆ ಗೊತ್ತಿತ್ತು.

ಎಂ.ಎಸ್ಸಿ. ಓದುತ್ತಿದ್ದಾಗ ಹಾಸ್ಟೆಲಿನ ಚರ್ಚೆಯೊಂದರಲ್ಲಿ, ಮನೆಗಳಲ್ಲಿ ಕೋವಿ ಇರಬಾರದು ಎಂದು ನಾನು ವಾದಿಸಿದ್ದೆ. ನಮ್ಮ ಮನೆಯಲ್ಲೇ ಒಂದಿದೆ ಎಂದು ಅಲ್ಲಿ ಯಾರಿಗೂ ಹೇಳಿರಲಿಲ್ಲ. ನನ್ನ ಅಭಿಪ್ರಾಯ ಅಂದಿನಿಂದ ಹೆಚ್ಚೇನೂ ಬದಲಾಗಿಲ್ಲ. ಆದರೆ ಬೆಳಗಾಗುವಾಗ ಬುಡಮೇಲಾದ ಗೆಣಸಿನ ಸಾಲಿನ ಮುಂದೆ ಅಪ್ಪ ಕುಳಿತು ತುಂಡುಗಳನ್ನು ಹೆಕ್ಕುವುದನ್ನೂ ನೋಡಿದ್ದೇನೆ. ಎರಡೂ ನನ್ನವೇ. ಅರ್ಜಿ ಹಾಕುವ ಎಂದೆ.

ಅಮ್ಮನ ವಿರೋಧ ಬೇರೆಯದೇ. ಚುನಾವಣೆ ಬಂದಾಗಲೆಲ್ಲ ಕೋವಿಯನ್ನು ಸ್ಟೇಷನ್ನಿನಲ್ಲಿ ಒಪ್ಪಿಸಬೇಕು, ಮುಗಿದ ಮೇಲೆ ತರಬೇಕು.

"ಬಸುರಿಯನ್ನು ತವರಿಗೆ ಕಳಿಸಿ ಕರ್ಕೊಂಡು ಬಂದ ಹಾಗೆ," ಎನ್ನುತ್ತಿದ್ದರು ಅಮ್ಮ. "ಇನ್ನು ಅದು ನಿನ್ನ ಹೆಸರಿಗೆ ಬೇರೆ. ಹೆಣ್ಣು ನೋಡ್ಲಿಕ್ಕೆ ಬಂದವರಿಗೆ ಮೊದಲು ಎಂತ ತೋರಿಸುವುದು, ಬೆಡಿಯಾ ನಿನ್ನನ್ನಾ?"

"ಬೆಡಿ ತೋರಿಸು ಮಾರಾಯ್ತಿ," ಎಂದರು ಅಪ್ಪ. "ಆಮೇಲೆ ವರದಕ್ಷಿಣೆಯ ಮಾತೇ ಬರುವುದಿಲ್ಲ."

ಅರ್ಜಿಯ ಕೆಲಸ ನನಗೆ ಹಿಡಿಸಿತು. ನಾನು ಮಣ್ಣು ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಕಾಗದಗಳು ಸರಿಯಾದ ಕ್ರಮದಲ್ಲಿದ್ದರೆ ಮನಸ್ಸು ಹಗುರಾಗುತ್ತದೆ. ಕೋವಿ ಹಿಡಿಯುವ ತರಬೇತಿ, ವಿಲೇಜ್ ಆಫೀಸಿನ ಕಾಗದ, ಕಣ್ಣಿನ ಪರೀಕ್ಷೆ, ಮನಸ್ಸಿನ ಪರೀಕ್ಷೆ. ಇಷ್ಟು ಕಷ್ಟ ಮಾಡಿಟ್ಟದ್ದು ಒಳ್ಳೆಯದೇ ಎಂದು ಪ್ರತಿ ಸಾಲಿನಲ್ಲಿ ನಿಂತಾಗಲೂ ಅನ್ನಿಸಿತು. ಯಾರ ಮೇಲಾದರೂ ಸಿಟ್ಟಿದೆಯೇ ಎಂದು ಡಾಕ್ಟರು ಕೇಳಿದರು. ಇಲ್ಲ ಎಂದೆ. "ಯಾರ ಮೇಲೂ ಇಲ್ಲವಾ?" ಎಂದು ಅವರು ಕನ್ನಡಕದ ಮೇಲಿಂದ ನೋಡಿದರು. ಸಿಟ್ಟಿಲ್ಲದವರ ಮೇಲೆಯೇ ಅವರಿಗೆ ಸಂಶಯವಿದ್ದಂತಿತ್ತು. ಕೊನೆಗೆ ಸಹಿ ಹಾಕಿಕೊಟ್ಟರು.

ಉಳಿದದ್ದು ಪೊಲೀಸರ ವಿಚಾರಣೆ. ಅರ್ಜಿದಾರರು ಎಂಥವರು ಎಂದು ನೆರೆಮನೆಯಲ್ಲಿ ಕೇಳುತ್ತಾರೆ. ನಮ್ಮ ನೆರೆಮನೆ ಎಂದರೆ ಅಕ್ಕನ ಮನೆ. ಸಂಬಂಧದಲ್ಲಿ ಏನೂ ಅಲ್ಲ. ತುಳು ಮಾತಾಡುವ ಮನೆಯವರು, ಅಮ್ಮನಿಗಿಂತ ನಾಲ್ಕೈದು ವರ್ಷ ದೊಡ್ಡವರು. ನಾನು ಮಾತು ಕಲಿತಂದಿನಿಂದ ಅವರನ್ನು ಅಕ್ಕ ಎಂದೇ ಕರೆಯುವುದು. ಅವರ ಗಂಡ ರಬ್ಬರ್ ಹಾಲು ತೆಗೆಯುವ ಕೆಲಸದವರು. ಹಿಂದೊಮ್ಮೆ ಬೋವಿಕಾನದ ಆಚೆ ಕೆಲಸಕ್ಕೆ ಹೋಗುತ್ತಿದ್ದಾಗ, ಮುಂಜಾನೆಯ ಮಬ್ಬಿನಲ್ಲಿ ಯಾರೋ ಹಂದಿ ಎಂದುಕೊಂಡು ಹೊಡೆದ ಕೋವಿಯ ಚರೆಗಳು ಅವರ ತೊಡೆಗೆ ಹೊಕ್ಕಿದ್ದವು. ಈಗಲೂ ಸ್ವಲ್ಪ ಕುಂಟುತ್ತಾರೆ. ಹೊಡೆದವನು ನಮ್ಮವನಲ್ಲ, ಕೋವಿಯೂ ನಮ್ಮದಲ್ಲ. ಆದರೆ ಅವರು ಈಗ ಕೆಲಸಕ್ಕೆ ಹೋಗುವ ಕಾಲುದಾರಿ ಇರುವುದು ನಮ್ಮ ಗೆಣಸಿನ ಸಾಲಿನ ಕೆಳಗೆ.

ಆ ಮಧ್ಯಾಹ್ನ ನಾನು ರಜೆ ಹಾಕಿದ್ದೆ. ಬೈಕಿನಲ್ಲಿ ಒಬ್ಬರೇ ಬಂದ ಪೊಲೀಸರು ಕೊಲ್ಲಂ ಕಡೆಯವರು, ನಮ್ಮ ಜಿಲ್ಲೆಗೆ ಬಂದು ಎರಡು ತಿಂಗಳಾಗಿತ್ತಷ್ಟೆ. ಅವರ ಮಲಯಾಳ ಬಹಳ ವೇಗದ್ದು. ಅಕ್ಕ ಅಂಗಳದಲ್ಲಿ ಕುಳಿತು ಹುಣಸೆಹುಳಿಯ ಬೀಜ ಬಿಡಿಸುತ್ತಿದ್ದರು. ಮೀನಿನವನ ಜೊತೆ ಚರ್ಚೆ ಮಾಡುವಷ್ಟು ಮಲಯಾಳ ಅವರಿಗೆ ಧಾರಾಳ ಉಂಟು. ಖಾಕಿ ಕಂಡ ಕೂಡಲೇ ಅದೆಲ್ಲ ಹೋಯಿತು. ತುಳುವಿನಲ್ಲೇ ನಿಂತರು. ಪೊಲೀಸರಿಗೆ ತುಳು ಬಾರದು.

"ನಾನು ಹೇಳ್ತೇನೆ," ಎಂದು ಅಪ್ಪ ಬೇಲಿಯ ಹತ್ತಿರದಿಂದ ಮುಂದೆ ಬಂದರು.

"ಬೇಡ ಮಾಷೇ. ಕೋವಿ ನಿಮ್ಮದು," ಎಂದರು ಪೊಲೀಸರು ನಗುತ್ತ.

"ಈಗ ಅದು ಅವಳ ಅರ್ಜಿಯಲ್ವಾ? ಹಾಗಾದರೆ ಹೇಳ್ಲಿಕ್ಕೆ ಅವಳೂ ಆಗುವುದಿಲ್ಲ," ಎಂದರು ಅಪ್ಪ.

ಪೊಲೀಸರು ಸುತ್ತ ನೋಡಿದರು. ಮೂರನೆಯ ಮನೆ ಗುಡ್ಡದ ಆಚೆ. ಅಕ್ಕನಿಗೆ ವಿಷಯ ಅರ್ಥವಾಯಿತು. ಹುಳಿ ಮೆತ್ತಿದ ಬೆರಳನ್ನು ನನ್ನ ಕಡೆ ತೋರಿಸಿದರು. "ಅವಳೇ ಹೇಳ್ಲಿ. ಮಾಷ್ಟ್ರು ಬೇಡ. ಮಾಷ್ಟ್ರು ನಾನು ಹೇಳಿದ್ದನ್ನು ತಿದ್ದಿ ಹೇಳ್ತಾರೆ."

ಹಾಗೆ ನನ್ನ ಬಗೆಗಿನ ವಿಚಾರಣೆಯಲ್ಲಿ ನಾನೇ ದುಭಾಷಿಯಾದೆ. ಅಪ್ಪ ಮತ್ತೆ ಬೇಲಿಯ ಹತ್ತಿರ ಹೋಗಿ ನಿಂತು, ಬಾಯಿ ತೆರೆಯುವುದಿಲ್ಲ ಎಂಬಂತೆ ಕೈಕಟ್ಟಿದರು.

"ಈ ಮನೆಯವರ ಜೊತೆ ಜಗಳ, ತಂಟೆ ಏನಾದರೂ?" ಎಂದು ಪೊಲೀಸರು ಕೇಳಿದರು.

ನಾನು ತುಳುವಿನಲ್ಲಿ ಕೇಳಿದೆ. ಅಕ್ಕ ಬೀಜ ಬಿಡಿಸುವುದನ್ನು ನಿಲ್ಲಿಸಲಿಲ್ಲ. "ಜಗಳವಾ? ಎಂತದ್ದೂ ಇಲ್ಲ. ಈ ಹುಡುಗಿ ಜೋರು ಮಾತಾಡಿದ್ದು ನಾನು ಕೇಳಲೇ ಇಲ್ಲ. ನನ್ನ ಮೊಮ್ಮಗುವನ್ನು ಇವಳ ಕೈಯಲ್ಲಿ ಕೊಟ್ಟು ಮೂರು ದಿನ ಬೇಕಾದರೆ ಊರು ಬಿಟ್ಟು ಹೋಗ್ತೇನೆ. ಯಾರ ಕೈಯಲ್ಲಾದರೂ ಬೆಡಿ ಇರ್ಲಿಕ್ಕೇ ಬೇಕು ಅಂತಾದರೆ ಇವಳ ಕೈಯಲ್ಲೇ ಇರ್ಲಿ. ಆದರೆ ನನ್ನನ್ನು ಕೇಳಿದರೆ ಬೇಡ. ಆ ದಾರಿಯಲ್ಲಿ ನಮ್ಮವರು ಕತ್ತಲೆಗೇ ಹೋಗುವುದು. ಒಂದು ಸಲ ಆದದ್ದು ಸಾಕು. ಹಂದಿಯಾ, ತಗಡು ಕಟ್ಟಲಿ, ಪಟಾಕಿ ಹೊಡೀಲಿ. ಬೆಡಿ ಬೇಡ ಅಂತ ಬರೀರಿ."

ಪೊಲೀಸರು ಪೆನ್ನು ಹಿಡಿದು ನನ್ನನ್ನು ನೋಡಿದರು.

ನಾನು ಹೇಳಿದೆ. ಜಗಳವಿಲ್ಲ. ಆದರೆ ಕೋವಿಗೆ ಅವರ ಆಕ್ಷೇಪವಿದೆ. ಗಂಡ ಬೆಳಗಾಗುವ ಮೊದಲು ಕೆಳಗಿನ ದಾರಿಯಲ್ಲಿ ಕೆಲಸಕ್ಕೆ ಹೋಗುತ್ತಾರೆ. ಹಿಂದೆ ಒಮ್ಮೆ ಗುಂಡು ತಗಲಿದೆ. ಹಂದಿಗೆ ಬೇರೆ ಉಪಾಯಗಳಿವೆ ಎನ್ನುತ್ತಾರೆ. ಕೋವಿ ಬೇಡ ಎಂದು ಬರೆಯಬೇಕಂತೆ.

ಆಕ್ಷೇಪದಲ್ಲಿ ಒಂದು ಮಾತನ್ನೂ ಮೆತ್ತಗೆ ಮಾಡಲಿಲ್ಲ. ಆ ಕ್ಷಣ ಅದು ನನಗೆ ಹೆಮ್ಮೆಯ ವಿಷಯವೇ ಆಗಿತ್ತು. ನಡುವಿನ ಮೂರು ಮಾತುಗಳನ್ನು ಮಾತ್ರ ಬಿಟ್ಟೆ: ಜೋರು ಮಾತಿನದ್ದು, ಮೊಮ್ಮಗುವಿನದ್ದು, ಇವಳ ಕೈಯಲ್ಲೇ ಇರಲಿ ಎಂದದ್ದು. ಅವನ್ನು ಅಪರಿಚಿತರ ಮುಂದೆ ನನ್ನ ಬಾಯಿಂದ ನಾನೇ ಹೇಳುವುದು ಹೇಗೆ? ಪೊಲೀಸರು ಅರ್ಧ ಪುಟ ಬರೆದರು, ಓದಿದರು, ನಾನು ಅದರ ಸಾರವನ್ನಷ್ಟೇ ತುಳುವಿನಲ್ಲಿ ಹೇಳಿದೆ. ಅಕ್ಕ ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡು, ಮಲಯಾಳದ ಸಾಲುಗಳ ಕೆಳಗೆ ಕನ್ನಡದಲ್ಲಿ ತಮ್ಮ ಹೆಸರು ಬರೆದರು. ಕಾಗದದ ಅಂಚಿನಲ್ಲಿ ಹುಳಿಯ ಕಲೆ ಉಳಿಯಿತು.

ಸಂಜೆ ಅಪ್ಪ ಜಗಲಿಯಲ್ಲಿ ನನಗೆ ಬೆನ್ನು ಮಾಡಿ ಕುಳಿತು ಪತ್ರಿಕೆ ಓದುತ್ತಿದ್ದರು. ಆಕ್ಷೇಪವನ್ನು ಹಾಗೇ ಹೇಳಿಬಿಟ್ಟೆನೆಂದು ಬೇಸರವಾಗಿರಬೇಕು ಎಂದುಕೊಂಡೆ.

"ಅನುವಾದಕ್ಕೆ ಹತ್ತರಲ್ಲಿ ಐದು," ಎಂದರು ಕೊನೆಗೆ.

"ಅವರು ಹೇಳಿದ್ದನ್ನೇ ಹೇಳಿದ್ದೇನೆ ಅಪ್ಪ. ಬೇಡ ಅಂದದ್ದನ್ನು ಬೇಕು ಅನ್ಲಿಕ್ಕೆ ಆಗ್ತದಾ?"

"ಅದಕ್ಕೆ ಐದು ಕೊಟ್ಟಿದ್ದೇನಲ್ಲ. ಉಳಿದ ಐದು ಮೊಮ್ಮಗುವಿಗೆ. ಪೊಲೀಸರು ಬಂದದ್ದು ಎಂತ ಕೇಳ್ಲಿಕ್ಕೆ? ನೀನು ಎಂಥವಳು ಅಂತ. ಅಷ್ಟನ್ನೇ ನುಂಗಿದ್ದೀ."

ಒಳಗಿನಿಂದ ಅಮ್ಮನ ಧ್ವನಿ ಬಂತು. "ನಿಮ್ಮ ಮಗಳಲ್ವಾ. ಹೊಗಳಿದರೆ ಮೈಮೇಲೆ ಹಲ್ಲಿ ಬಿದ್ದ ಹಾಗೆ ಮಾಡ್ತಾಳೆ."

ನನಗೆ ನಗು ಬರಲಿಲ್ಲ. ಅಪ್ಪನ ಲೆಕ್ಕ ಕೋವಿಯದ್ದು, ಆ ಮಾತುಗಳು ಇದ್ದಿದ್ದರೆ ಲೈಸೆನ್ಸಿಗೆ ಒಳ್ಳೆಯದಿತ್ತು ಎಂಬುದು. ಲೈಸೆನ್ಸ್ ಹೋದರೆ ಹೋಗಲಿ ಎಂದು ಸುಮ್ಮನಿದ್ದುಬಿಡುತ್ತಿದ್ದೆನೋ ಏನೋ. ಅಷ್ಟರಲ್ಲಿ ಅಕ್ಕ ಬೀಜ ತೆಗೆದ ಹುಳಿಯ ಒಂದು ಉಂಡೆಯನ್ನು ಬಾಳೆಲೆಯಲ್ಲಿ ಕಟ್ಟಿಕೊಂಡು ಬಂದರು. ಅಮ್ಮನಿಗೆ ಕೊಟ್ಟು, ಅಪ್ಪನ ಕಡೆ ನೋಡದೆ ನನ್ನ ಪಕ್ಕ ನಿಂತರು.

"ಮಾಷ್ಟ್ರಿಗೆ ಸಿಟ್ಟು ಬಂದಿರಬಹುದು. ಬರ್ಲಿ. ನಾನು ಇನ್ನೂ ಬೇಡ ಅಂತಲೇ ಹೇಳುವುದು," ಎಂದರು. ಆಮೇಲೆ ಧ್ವನಿ ತಗ್ಗಿಸಿದರು. "ಮಗಾ, ಮಧ್ಯಾಹ್ನದಿಂದ ಒಂದೇ ಯೋಚನೆ. ನಾನು ಬೇಡ ಅಂದದ್ದು ನಿನ್ನ ಮೇಲೆ ಅಲ್ಲ ಅಂತ ಅದರಲ್ಲಿ ಉಂಟಲ್ವಾ? ಪೊಲೀಸ್ ಕಾಗದ. ನಾಳೆ ನಿನ್ನ ಕೆಲಸಕ್ಕೆ, ಮದುವೆಗೆ ಅದು ಅಡ್ಡ ಬರಬಾರದು. ಮೊಮ್ಮಗುವಿನ ಮಾತು ಬರೆದಿದ್ದಾರಲ್ವಾ?"

ಅಪ್ಪ ನನ್ನನ್ನು ನೋಡಿದರು. ಅಕ್ಕ ಸಹಿ ಹಾಕಿದ್ದು ನನ್ನ ಮೇಲಿನ ನಂಬಿಕೆಯಿಂದ. ಆ ಕಾಗದದಲ್ಲಿ ಈಗ ಇದ್ದದ್ದು ಅರ್ಧ ಅಕ್ಕ ಮಾತ್ರ. ಕೋವಿಗೆ ಹೆದರುವ ಅಕ್ಕ. ನನ್ನನ್ನು ಬಲ್ಲ ಅಕ್ಕನನ್ನು ನಾನು ಸಂಕೋಚದಿಂದ ಅಳಿಸಿಬಿಟ್ಟಿದ್ದೆ. ಅದು ವಿನಯ ಎಂದುಕೊಂಡಿದ್ದೆ.

"ಇಲ್ಲ ಅಕ್ಕ. ನಾನು ಅದನ್ನು ಹೇಳಲಿಲ್ಲ," ಎಂದೆ.

ಅವರು ನನ್ನ ಮುಖ ನೋಡಿದರು. "ಯಾಕೆ?"

"ನಾಚಿಕೆ ಆಯ್ತು."

ಅಕ್ಕ ಹಣೆಗೆ ಕೈ ಹಚ್ಚಿಕೊಂಡರು. "ಇವಳಿಗೆ ಬೆಡಿ ಹಿಡೀಲಿಕ್ಕೆ ಧೈರ್ಯ ಉಂಟು ಮಾಷ್ಟ್ರೇ. ಒಂದು ಒಳ್ಳೆ ಮಾತು ಹೇಳ್ಲಿಕ್ಕೆ ಇಲ್ಲ!"

ಅಪ್ಪ ಜೋರಾಗಿ ನಕ್ಕರು. ಅಕ್ಕನೂ ನಕ್ಕರು. ಮಧ್ಯಾಹ್ನದಿಂದ ಇಬ್ಬರ ನಡುವೆ ನಿಂತಿದ್ದದ್ದು ಆ ನಗುವಿನಲ್ಲಿ ಸ್ವಲ್ಪ ಪಕ್ಕಕ್ಕೆ ಸರಿಯಿತು. ಪೂರ್ತಿ ಹೋಗಲಿಲ್ಲ. ದಾರಿಯ ಬಗ್ಗೆ ಅಕ್ಕ ಮತ್ತೆ ಹೇಳಿದರು. ಗೆಣಸಿನ ಬಗ್ಗೆ ಅಪ್ಪ ಮತ್ತೆ ಹೇಳಿದರು. ಚಹಾ ಕುಡಿಯುವಾಗಲೂ ಹೇಳಿದರು.

ಕೋವಿ ಏನಾಯಿತು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಕೆಲವು ತಿಂಗಳ ಮೇಲೆ ಲೈಸೆನ್ಸ್ ನನ್ನ ಹೆಸರಿಗೆ ಬಂತು. ಕೋವಿ ಬೀಗ ಹಾಕಿದ ಕಪಾಟಿನಲ್ಲಿದೆ, ತೋಟೆಗಳು ಬೇರೆ ಕಪಾಟಿನಲ್ಲಿ, ಎರಡರ ಕೀಲಿಕೈಯೂ ನನ್ನ ಬಳಿ. ತಿಂಗಳಿಗೊಮ್ಮೆ ಅದನ್ನು ಬಿಚ್ಚಿ ಒರೆಸುವಾಗ ಅಪ್ಪ ಪಕ್ಕದಲ್ಲಿ ಕುಳಿತು ನನ್ನ ತಪ್ಪು ಹುಡುಕುತ್ತಾರೆ, ಅದರಲ್ಲಿ ಅವರಿಗೆ ಸುಖವಿದೆ. ದಾರಿಯ ದಿಕ್ಕಿಗೆ, ಬೆಳಕು ಬರುವ ಮೊದಲು, ಯಾವ ಕಾರಣಕ್ಕೂ ಗುಂಡು ಹಾರಿಸುವುದಿಲ್ಲ ಎಂದು ಕನ್ನಡದಲ್ಲಿ ಬರೆದು ಸಹಿ ಹಾಕಿ ಅಕ್ಕನಿಗೆ ಕೊಟ್ಟಿದ್ದೇನೆ. ಅವರು ಅದನ್ನು ರೇಷನ್ ಕಾರ್ಡಿನೊಳಗೆ ಇಟ್ಟಿದ್ದಾರೆ. ಇಲ್ಲಿಯವರೆಗೆ ನಾನು ಗುಂಡು ಹಾರಿಸಿಲ್ಲ. ಗೆಣಸಿನ ಸುತ್ತ ತಗಡು ಕಟ್ಟಿದ್ದೇವೆ. ಬೆಡಿ ಬೇಡವಿತ್ತು ಎಂದು ಅಕ್ಕ ಈಗಲೂ ಹೇಳುತ್ತಾರೆ. ಅದಿಲ್ಲದಿದ್ದರೆ ತಗಡಿಗೆ ಹಂದಿ ಹೆದರುತ್ತಿತ್ತೇ ಎಂದು ಅಪ್ಪ ಕೇಳುತ್ತಾರೆ. ಕಪಾಟಿನೊಳಗಿನ ಕೋವಿ ಹಂದಿಗೆ ಹೇಗೆ ಗೊತ್ತಾಗುತ್ತದೆ ಎಂದು ಅಮ್ಮ.

ಅಕ್ಕ ಹುಳಿ ತಂದುಕೊಟ್ಟದ್ದರ ಮರುದಿನ ಬೆಳಿಗ್ಗೆ ಲ್ಯಾಬಿಗೆ ತಡವಾಗಿ ಬರುತ್ತೇನೆ ಎಂದು ಫೋನ್ ಮಾಡಿ, ಅಕ್ಕನನ್ನು ಕರೆದುಕೊಂಡು ಸ್ಟೇಷನ್ನಿಗೆ ಹೋದೆ. ಅಕ್ಕ ಮದುವೆಗೆ ಉಡುವ ಸೀರೆ ಉಟ್ಟಿದ್ದರು. ಹಿಂದಿನ ದಿನ ಬಂದಿದ್ದ ಪೊಲೀಸರು ಚಹಾ ಕುಡಿಯುತ್ತಿದ್ದವರು ನಮ್ಮನ್ನು ಕಂಡು ಲೋಟ ಕೆಳಗಿಟ್ಟರು. ಆಕ್ಷೇಪ ವಾಪಸು ತೆಗೆಯುವುದಕ್ಕಾ ಎಂದು ಕೇಳಿದರು. ಅಲ್ಲ, ಅದು ಹಾಗೆಯೇ ಇರಲಿ, ನಾನು ಬಿಟ್ಟ ಮೂರು ಮಾತುಗಳಿವೆ ಎಂದೆ. ಅವರು ಹೊಸ ಹಾಳೆ ತೆಗೆದರು. ನಾನು ಮೇಜಿನ ಅಂಚನ್ನು ನೋಡುತ್ತ, ನನ್ನ ಬಗ್ಗೆ ಅಕ್ಕ ಹೇಳಿದ್ದನ್ನು ಮಲಯಾಳದಲ್ಲಿ ಒಂದೊಂದಾಗಿ ಹೇಳಿದೆ. ಪಕ್ಕದಲ್ಲಿ ಅಕ್ಕ ಪ್ರತಿ ಮಾತಿಗೂ ತಲೆಯಾಡಿಸುತ್ತಿದ್ದರು. ಮೂರನೆಯದಕ್ಕೆ, ಬೆಡಿ ಇವಳ ಕೈಯಲ್ಲೇ ಇರಲಿ ಎಂಬುದಕ್ಕೆ, ನನ್ನ ಧ್ವನಿ ಸಣ್ಣದಾಯಿತು. ಪೊಲೀಸರು ಕೇಳಿಸಲಿಲ್ಲ ಎಂದರು. ನಾನು ತಲೆಯೆತ್ತಿ ಇನ್ನೊಮ್ಮೆ ಹೇಳಿದೆ.